ಮೊದಲು ಕೈ, ಆಮೇಲೆ ಫಿಲ್ಮು

ಲಕ್ಷ್ಮೇಶ್ವರದ ಸುತ್ತ ಹತ್ತಿ, ಮೆಣಸಿನಕಾಯಿ ಬಿಡಿಸುವ ಹಂಗಾಮು ಮುಗಿಯುತ್ತ ಬಂದಂತೆ ನಮ್ಮ ದವಾಖಾನೆಯಲ್ಲಿ ಟೊಂಕದ ಮಾತೇ ಹೆಚ್ಚು. ಕಳೆದ ವಾರ ಶೇಂಗಾ ಬೆಳೆಯುವ ಹಿರಿಯರೊಬ್ಬರು ಎಂಆರ್‌ಐ ಫಿಲ್ಮಿನ ದೊಡ್ಡ ಚೀಲ ಹಿಡಿದು ಬಂದರು.

“ಸಾಹೇಬ್ರ, ಡಿಸ್ಕ್ ಉಬ್ಬೈತಂತ್ರಿ.”

“ಚೀಲ ಅಲ್ಲೇ ಇರ್ಲಿ ಕಾಕಾ. ಮೊದಲ ಅಂಗಿ ತಗೀರಿ, ನಾಕು ಹೆಜ್ಜಿ ನಡೀರಿ.”

ಎಂಟು ತಿಂಗಳ ನೋವು. ಅಷ್ಟರಲ್ಲಿ ಅವರ ಬೆನ್ನನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

ಫಿಲ್ಮು ಸುಳ್ಳು ಹೇಳುವುದಿಲ್ಲ, ಆದರೆ ಅದರಲ್ಲಿ ನೋವು ಕಾಣುವುದಿಲ್ಲ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ನೋಡಿದರು. ಅವರಲ್ಲಿ ಶೇ 52ರಷ್ಟು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು.

ಹಿಮ್ಮಡಿಯ ಮೇಲೆ ನಡೆಯಲಾಗದಿದ್ದರೆ ಸೊಂಟದ ಐದನೇ ನರದ ಮೇಲೆ ಅನುಮಾನ, ತುದಿಗಾಲ ಮೇಲೆ ಆಗದಿದ್ದರೆ ಅದರ ಕೆಳಗಿನದರ ಮೇಲೆ. ಬೆನ್ನೆಲುಬಿನ ಮೇಲೆ ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತ ಇಳಿಯುತ್ತೇನೆ. ಒಂದೇ ಎಲುಬಿನಲ್ಲಿ ಜೀವ ಹೋದಂತಾಗಿ, ಸಂಜೆಜ್ವರವೂ ಇದ್ದರೆ ಎಲುಬಿನ ಕ್ಷಯ ನೆನಪಾಗಲೇಬೇಕು.

ನನಗೆ ಬಲು ಪ್ರೀತಿಯ ಪರೀಕ್ಷೆ, ಅಂಗಾತ ಮಲಗಿಸಿ ಮೊಣಕಾಲು ಮಡಚದೆ ಕಾಲೆತ್ತುವುದು. 1880ರಲ್ಲಿ ಸರ್ಬಿಯಾದ ಲಾಜರೆವಿಚ್, ಮರುವರ್ಷ ಫ್ರಾನ್ಸಿನ ಲಾಸೆಗ್ ಅವರ ಶಿಷ್ಯ ಇದನ್ನು ಬರೆದಿಟ್ಟರು. 30ರಿಂದ 70 ಡಿಗ್ರಿಯೊಳಗೆ ಮೊಣಕಾಲು ದಾಟಿ ಕರೆಂಟು ಹೊಡೆದಂತೆ ನೋವು ಇಳಿದರೆ ನರ ಸಿಕ್ಕಿಕೊಂಡಿದೆ. ಬರೀ ತೊಡೆಯ ಹಿಂದೆ ಬಿಗಿದರೆ ಅದು ಸ್ನಾಯು. ಕಾಲನ್ನು ತುಸು ಇಳಿಸಿ, ನೋವು ನಿಂತ ಕಡೆ ಪಾದವನ್ನು ಮೇಲಕ್ಕೆ ಒತ್ತಿದಾಗ ನೋವು ಮರಳಿದರೆ ನರವೇ ಎಂಬುದು ಗಟ್ಟಿಯಾಗುತ್ತದೆ. ಆಗ ಕಣ್ಣು ರೋಗಿಯ ಕಾಲಿನ ಮೇಲಲ್ಲ, ಮುಖದ ಮೇಲಿರಬೇಕು.

ಕಾಕಾನ ಕಾಲು 80 ಡಿಗ್ರಿ ಏರಿದರೂ ಅವರ ಮುಖ ಕದಲಲಿಲ್ಲ. ಬಲಪಾದವನ್ನು ಎಡಮೊಣಕಾಲಿನ ಮೇಲಿಟ್ಟು ಬಲಮೊಣಕಾಲನ್ನು ಕೆಳಗೊತ್ತಿದೆ. “ಯಪ್ಪಾ!” ಎಂದು ತೊಡೆಸಂದಿಗೆ ಕೈ ಒಯ್ದರು. ಕಾಲನ್ನು ಒಳಮುಖ ತಿರುಗಿಸಹೋದರೆ ತಿರುಗಲೇ ಇಲ್ಲ. ಸವೆದದ್ದು ಸೊಂಟದ ಕೀಲು. ಎಕ್ಸ್‌ರೇಯೂ ಅದನ್ನೇ ಹೇಳಿತು.

ನಮ್ಮ ಕಡೆ ‘ಟೊಂಕ’ ಎಂದರೆ ಬೆನ್ನಿನ ಕೆಳಭಾಗವೂ ಹೌದು, ಸೊಂಟವೂ ಹೌದು. ಪಂಪ ಮೆಚ್ಚಿದ ತಿರುಳ್ಗನ್ನಡದ ಪುಲಿಗೆರೆಯೇ ಈ ಲಕ್ಷ್ಮೇಶ್ವರ. ಇಲ್ಲಿ ವೈದ್ಯನಾದವನು ಈ ಮಾತು ಬಲ್ಲವನಾಗಿರಬೇಕು. “ಎಲ್ಲಿ, ಕೈ ಇಟ್ಟು ತೋರಿಸ್ರಿ” ಎಂದು ಕೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ತಾಯಂದಿರೇ, ಸೀರೆಯ ಮೇಲಿಂದಲೇ ನೋಡಿ ಎನ್ನಬೇಡಿ. ಮನೆಯ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಒಳಗೆ ಕರೆತನ್ನಿ, ಬೆನ್ನು ಪೂರ್ತಿ ಕಾಣಲಿ. ಟೊಂಕನೋವಿನ ಜೊತೆ ಉಚ್ಚೆ ಕಟ್ಟಿದರೆ, ಇಲ್ಲವೇ ಕೂರುವ ಜಾಗ ಜೋಮು ಹಿಡಿದರೆ ನಾಳೆಗೆ ಕಾಯಬೇಡಿ. ಗದಗವೋ ಹುಬ್ಬಳ್ಳಿಯೋ, ಅವತ್ತೇ ದೊಡ್ಡಾಸ್ಪತ್ರೆಗೆ ಹೊರಡಿ.