ಕತ್ತರಿ ತಾಗದ ಗರಾರ

ಮಾವಳ್ಳಿಯ ನಮ್ಮ ಮನೆಯಲ್ಲಿ ತಂಗಿಯ ಮಗಳು ಹದಿನೈದು ದಿನ ಒಂದು ವೇಷದ ತಯಾರಿ ನಡೆಸಿದಳು. ಅದಕ್ಕೆ ಕಾಸ್‌ಪ್ಲೇ ಎಂಬ ಹೆಸರಿದೆಯೆಂದು ತಿಳಿದದ್ದೂ ಅವಳಿಂದಲೇ. ಕಾರ್ಟೂನಿನ ಒಂದು ಪಾತ್ರದ ಉಡುಪನ್ನು ತಾವೇ ಹೊಂದಿಸಿ ತೊಟ್ಟು, ಅದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುವುದು. ಜಪಾನಿನಲ್ಲಿ ಹೆಸರು ಪಡೆದ ಈ ಹವ್ಯಾಸ ಕಾಮಿಕ್ ಕಾನ್ ಮೇಳಗಳ ಜೊತೆ ಬೆಂಗಳೂರಿಗೂ ಬಂದು ಹತ್ತು ವರ್ಷ ದಾಟಿತು. ಹಗಲುವೇಷದವರನ್ನೂ ಮೊಹರಂನ ಹುಲಿವೇಷವನ್ನೂ ಕಂಡ ನಾಡಿಗೆ ವೇಷ ಹೊಸದಲ್ಲ. ಆದರೆ ಇಲ್ಲಿ ವೇಷಕ್ಕೆ ಬಳಕೆಯಾಗಲಿದ್ದದ್ದು ಅವಳ ನಾನಿಯ, ಅಂದರೆ ನನ್ನ ಅಮ್ಮಿಯ ಮದುವೆಯ ಗರಾರ.

ಇದನ್ನು ನೋಡುತ್ತ ನನಗೆ ನೆನಪಾದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪ ಕಲಿತ ಇವರು 1990ರ ದಶಕದಲ್ಲಿ ಕ್ಯಾಮೆರಾದ ಮುಂದೆ ತಾವೇ ವೇಷ ಕಟ್ಟಿ ನಿಲ್ಲತೊಡಗಿದರು. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆಗೂಡಿ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಸರಣಿಯಲ್ಲಿ ರವಿವರ್ಮನ ಬೆಳದಿಂಗಳ ಹೆಣ್ಣು, ಲಕ್ಷ್ಮಿ, ವೇಲಾಂಕಣಿ ಮಾತೆ, ದಖನಿನ ಯೋಗಿನಿ ಎಲ್ಲರೂ ಇವರೇ.

ಆ ಯೋಗಿನಿ ನನಗೆ ಹತ್ತಿರದವಳು. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ ಬಿಜಾಪುರದಲ್ಲಿ ಇಂಥ ಯೋಗಿನಿಯರನ್ನು ಚಿತ್ರಿಸುತ್ತಿದ್ದರು. ಅವುಗಳಲ್ಲಿ ಹೆಸರಾದದ್ದು, ಕೈಮೇಲೆ ಮೈನಾ ಹಕ್ಕಿ ಕೂರಿಸಿಕೊಂಡವಳದು, ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಮೈಗೆ ಬೂದಿ, ಮೈಮೇಲೆ ಜರಿ ಮತ್ತು ಒಡವೆ! ಸನ್ಯಾಸಿನಿಯೋ ಅರಮನೆಯ ಹೆಣ್ಣೋ, ಹಿಂದೂವೋ ಮುಸಲ್ಮಾನಳೋ ಎಂದು ಕೇಳಿದರೆ ಚಿತ್ರ ಉತ್ತರ ಕೊಡುವುದಿಲ್ಲ. ‘ಕಿತಾಬ್-ಎ-ನೌರಸ್’ ಬರೆದು ಜಗದ್ಗುರು ಎನಿಸಿಕೊಂಡ ಸುಲ್ತಾನನ ಊರಿನಲ್ಲಿ ಆ ಪ್ರಶ್ನೆಗೆ ಅಷ್ಟು ಅವಸರವಿರಲಿಲ್ಲವೇನೋ. ಅಂದರೆ ನಾವು ‘ಸಾಂಪ್ರದಾಯಿಕ’ ಎಂದು ಕರೆಯುವ ಉಡುಪು ಆಗಲೇ ಕಲಬೆರಕೆಯಾಗಿತ್ತು, ಯಾರೋ ಹೊಂದಿಸಿದ್ದಾಗಿತ್ತು.

ಪುಷ್ಪಮಾಲಾ ತೋರಿಸುವುದೂ ಇದನ್ನೇ. ವಸಾಹತುಶಾಹಿಯ ಅಧಿಕಾರಿ ಪೋರ್ಟ್‌ಮನ್ 1890ರ ದಶಕದಲ್ಲಿ ಅಂಡಮಾನಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ ಅಳತೆಯ ಫೋಟೋ ತೆಗೆದನಲ್ಲ, ಅದನ್ನೂ ಇವರು ಮರಳಿ ಕಟ್ಟುತ್ತಾರೆ. ಪರದೆ, ಅಟ್ಟಣೆ, ಮೇಕಪ್ಪು, ತಯಾರಿಯಲ್ಲಿ ತೊಡಗಿದವರು ಎಲ್ಲ ಕಾಣುವ ಫೋಟೋಗಳೂ ಆ ಸರಣಿಯ ಭಾಗವೇ. ನನಗೆ ಮುಖ್ಯ ಚಿತ್ರಗಳಿಗಿಂತ ಇವೇ ಹೆಚ್ಚು ಇಷ್ಟ.

ಆದರೂ ಒಂದು ತಕರಾರಿದೆ. ಮೂಲ ಚಿತ್ರ ಗೊತ್ತಿದ್ದವರಿಗಷ್ಟೇ ಈ ತಮಾಷೆ ತಲುಪುತ್ತದೆ. ಅಂಥವರು ಗ್ಯಾಲರಿಗೆ ಹೋಗುವವರು. ಅದಕ್ಕಿಂತ ಮುಖ್ಯವಾಗಿ, ಪುಷ್ಪಮಾಲಾ ಫೋಟೋ ಮುಗಿದ ಮೇಲೆ ವೇಷ ಕಳಚಿ ಹೊರಗೆ ಬರಬಲ್ಲರು, ನೋಡುವವರೂ ಅವರನ್ನು ಬಿಟ್ಟುಕೊಡುತ್ತಾರೆ. ದಿನಾ ತೊಡುವ ಬಟ್ಟೆಯೇ ಇತರರ ಕಣ್ಣಿಗೆ ‘ಮಾದರಿ’ಯಾಗಿಬಿಟ್ಟವರಿಗೆ ಆ ಬಾಗಿಲಿಲ್ಲ. 2022ರ ಫೆಬ್ರುವರಿಯಲ್ಲಿ ನಮ್ಮ ಕಾಲೇಜುಗಳ ಗೇಟಿನಲ್ಲಿ ಒಂದು ಗಜ ಬಟ್ಟೆಗಾಗಿ ಏನೆಲ್ಲ ನಡೆಯಿತೆಂದು ಓದುಗರಿಗೆ ಹೇಳಬೇಕಿಲ್ಲ.

ನನ್ನ ಸೊಸೆಗೆ ಈ ತಕರಾರಿನ ಗೊಡವೆಯಿರಲಿಲ್ಲ. ಅವಳಿಗೆ ಬೇಕಿದ್ದದ್ದು ನೀಲಿ ಕೂದಲಿನ ಒಬ್ಬ ಬಿಲ್ಲುಗಾತಿ. ಇಂಡೋನೇಷ್ಯಾ, ಮಲೇಷ್ಯಾದ ಹುಡುಗಿಯರು ತಲೆವಸ್ತ್ರವನ್ನೇ ಮಡಿಸಿ ಸುತ್ತಿ ಪಾತ್ರದ ಕೇಶವಾಗಿಸುತ್ತಾರಂತೆ. ಇವಳೂ ನೀಲಿ ಸ್ಕಾರ್ಫಿನಲ್ಲಿ ಜಡೆ ಕಟ್ಟಿದಳು. ವಿಗ್ಗು ತೊಟ್ಟು ಪಾತ್ರವಾಗುವುದಕ್ಕಿಂತ ಇದು ಜಾಣತನದ್ದು: ಪಾತ್ರವೂ ಆದಳು, ತಾನೂ ಉಳಿದಳು. ಗರಾರಕ್ಕೆ ಅಮ್ಮಿಯದು ಒಂದೇ ಷರತ್ತು, ಕತ್ತರಿ ತಾಗಬಾರದು. ಹಾಗಾಗಿ ಅಗಲವಾದ ಘೇರನ್ನು ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕಿ ಮೊಣಕಾಲಿನ ಕೆಳಗೆ ಬಿಗಿದರು. ದುಪಟ್ಟಾ ಬತ್ತಳಿಕೆಯ ಪಟ್ಟಿಯಾಯಿತು.

ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗಿನ ಬಂಡೆಯ ಮೇಲೆ ಅವಳ ಗೆಳತಿ ಕ್ಯಾಮೆರಾ ಹಿಡಿದಳು. ನಾನು ಚೀಲ ಕಾಯುವವನು. ವಾಕಿಂಗಿಗೆ ಬಂದ ಹಿರಿಯರೊಬ್ಬರು ನಿಂತು, “ನಿಮ್ಮವರಲ್ಲಿ ಇದಕ್ಕೆಲ್ಲ ಬಿಡ್ತಾರಾ?” ಎಂದು ನನ್ನನ್ನು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ಬಿಲ್ಲು ಎತ್ತಿ ನಿಂತವಳನ್ನು ಕೇಳಬಹುದಿತ್ತು, ಕೇಳಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ, “ಅಂಕಲ್, ಸ್ವಲ್ಪ ಪಕ್ಕಕ್ಕೆ, ಫ್ರೇಮಲ್ಲಿ ಬರ್ತಿದ್ದೀರ” ಎಂದಳು.

ನಲವತ್ತು ಫೋಟೋಗಳಲ್ಲಿ ಒಂಬತ್ತನ್ನು ಆರಿಸಿದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸ್ಕಾರ್ಫ್ ಸರಿಪಡಿಸುತ್ತಿರುವ, ಗರಾರದ ದಾರ ಜೋಲುತ್ತಿರುವ ಒಂದನ್ನು ಸೇರಿಸು ಎಂದು ನಾನು ಪಟ್ಟು ಹಿಡಿದೆ. ಪುಷ್ಪಮಾಲಾ ಅವರ ವಿಷಯವನ್ನೂ ಹೇಳಿದೆ.

“ಅವರು ಆರ್ಟಿಸ್ಟು ಮಾಮೂ, ತೋರಿಸ್ಲಿ. ಪಿನ್ನು ಕಂಡ್ರೆ ನನ್ನ ಪಾತ್ರ ಸತ್ತುಹೋಗುತ್ತೆ” ಎಂದು ಅದನ್ನು ಅಳಿಸಿದಳು. ಅಮ್ಮಿ ಆಗಲೇ ಕನ್ನಡಕ ಏರಿಸಿ ಕಚ್ಚಾ ಹೊಲಿಗೆ ಬಿಚ್ಚಲು ಕೂತಿದ್ದರು.