ಚಿಮಣಿಗೊಂದು ಲೆಕ್ಕ, ಗೋಮಾಳಕ್ಕೊಂದು ಲೆಕ್ಕ

ಇಂಗಾಲದ ವ್ಯಾಪಾರ ನಿಂತಿರುವುದು ಎಷ್ಟು ಹೊಗೆ ಬಿಡಬಹುದು ಎಂಬ ಮಿತಿ ಮತ್ತು ಎಷ್ಟು ಬಿಟ್ಟರು ಎಂಬ ಅಳತೆಯ ಮೇಲೆ. ಮಿತಿಯೊಳಗಿದ್ದ ಕಾರ್ಖಾನೆ ಉಳಿಕೆಯನ್ನು ಮಾರುತ್ತದೆ, ಮೀರಿದ್ದು ಕೊಳ್ಳುತ್ತದೆ. 2005ರಲ್ಲಿ ಶುರುವಾದ ಯುರೋಪಿನ ವ್ಯವಸ್ಥೆ ಮೊದಲು ಪರವಾನಗಿಗಳನ್ನು ಧಾರಾಳವಾಗಿ ಹಂಚಿತು. 2007ರಲ್ಲಿ ಅವುಗಳ ಬೆಲೆ ಸೊನ್ನೆಯ ಹತ್ತಿರ ಬಂತು. ಮಿತಿಯನ್ನು ಬಿಗಿಗೊಳಿಸುತ್ತ ಹೋದ ಮೇಲೆ, ಅದರ ವ್ಯಾಪ್ತಿಯ ಹೊರಸೂಸುವಿಕೆ 2023ರ ಹೊತ್ತಿಗೆ 2005ಕ್ಕಿಂತ ಸುಮಾರು ಶೇ. 47ರಷ್ಟು ತಗ್ಗಿತು. ಗಾಳಿ, ಸೌರ ವಿದ್ಯುತ್ತಿನ ಸಹಾಯಧನಕ್ಕೂ ಈ ಇಳಿಕೆಯಲ್ಲಿ ಪಾಲಿದೆ.

ಭಾರತ 2023ರಲ್ಲಿ ಅಧಿಸೂಚಿಸಿದ ಇಂಗಾಲ ವ್ಯಾಪಾರದ ಯೋಜನೆಯಲ್ಲಿ ಒಟ್ಟು ಹೊಗೆಗೆ ಮಿತಿಯೇ ಇಲ್ಲ. ಟನ್ ಸರಕಿಗೆ ಇಷ್ಟು ಎಂಬ ಗುರಿಯಷ್ಟೇ. ಉತ್ಪಾದನೆ ಏರಿದರೆ ಗುರಿ ಮುಟ್ಟಿಯೂ ಹೊಗೆ ಹೆಚ್ಚಬಹುದು. 2025ರ ನಿಯಮಗಳು ಸಿಮೆಂಟ್, ಅಲ್ಯೂಮಿನಿಯಂ ಜೊತೆಗೆ ತಿರುಳು-ಕಾಗದ ಉದ್ಯಮವನ್ನೂ ಇದರಡಿ ತಂದಿವೆ.

ತಿರುಳಿನ ಲೆಕ್ಕ ಚಿಮಣಿಯಲ್ಲಿ ಮುಗಿಯುವುದಿಲ್ಲ ಎಂಬುದನ್ನು ಹಾವೇರಿ ಜಿಲ್ಲೆ ಬಲ್ಲದು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿರುವ ತಿರುಳು ಕಾರ್ಖಾನೆ ಹರಿಹರ ಪಾಲಿಫೈಬರ್ಸ್‌ಗೆ ನೀಲಗಿರಿ ಒದಗಿಸಲು 1984ರಲ್ಲಿ ಸರ್ಕಾರದ ಪಾಲುದಾರಿಕೆಯ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟಿತು. ಊರವರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಜಮೀನು ನೆಡುತೋಪಾಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ನಡೆಸಿತು: ನೀಲಗಿರಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಅಂಥ ನೆಡುತೋಪು ಇಂಗಾಲದ ಖಾತೆಯಲ್ಲಿ ಇಂದಿಗೂ ಜಮೆಯ ಕಡೆಗೇ ಬೀಳುತ್ತದೆ. ಹೋದ ಮೇವಿಗೆ ಆ ಖಾತೆಯಲ್ಲಿ ಅಂಕಣವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಇದೇ ತೊಡಕು. 119 ಚದರ ಕಿ.ಮೀ.ಯ ಈ ನೆಲದ ಬಹುಭಾಗ ನೀಲಗಿರಿಯದು, ಚಿಗರಿಗೆ ಬೇಕಾದದ್ದು ಬಯಲು ಹುಲ್ಲು. ಹುಲ್ಲಿನ ಇಂಗಾಲ ಬಹುಪಾಲು ಬೇರಿನಲ್ಲಿ, ಮಣ್ಣಿನಲ್ಲಿ ಇರುವುದರಿಂದ ಮರದಷ್ಟು ಸುಲಭವಾಗಿ ಎಣಿಕೆಗೆ ಸಿಗದು.

ಬೇರೆಡೆ ಆದ ಕಡಿತ ತೋರಿಸಿ ಮಾರುವ, ಪರಿಹಾರರೂಪದ ಕ್ರೆಡಿಟ್‌ಗಳು ಇನ್ನಷ್ಟು ದುರ್ಬಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ಮೆಣಸಿನಕಾಯಿಯ ಬಣ್ಣ, ಸುಕ್ಕು ನೋಡಿ ದರ ಕಟ್ಟುತ್ತಾನೆ. ಕ್ರೆಡಿಟ್ ಕೊಳ್ಳುವವನ ಮುಂದೆ ಸರಕೇ ಇರುವುದಿಲ್ಲ. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬ ಊಹೆಗೆ ಆತ ಹಣ ಕೊಡುತ್ತಾನೆ. ಕ್ಯೋಟೋ ಒಪ್ಪಂದದಡಿಯ ಯೋಜನೆಗಳನ್ನು 2016ರಲ್ಲಿ ಪರಿಶೀಲಿಸಿದ ಜರ್ಮನಿಯ ಓಕೋ ಇನ್‌ಸ್ಟಿಟ್ಯೂಟ್, ಶೇ. 85ರಷ್ಟು ಯೋಜನೆಗಳಿಂದ ನಿಜವಾದ ಹೆಚ್ಚುವರಿ ಕಡಿತ ಆಗಿರುವ ಸಾಧ್ಯತೆ ಕಡಿಮೆ ಎಂದಿತು. ಎರಡೆಕರೆ ಎರೆಭೂಮಿಯ ರೈತ ಮಣ್ಣಿನ ಇಂಗಾಲ ಮಾರಬೇಕೆಂದರೆ ಮಾದರಿ ಪರೀಕ್ಷೆ, ದೃಢೀಕರಣ, ದಲ್ಲಾಳಿಗಳ ಖರ್ಚನ್ನು ಮೊದಲು ದಾಟಬೇಕು. ಒಬ್ಬನೇ ದಾಟಲಾರದೆ ನೂರಾರು ಹಿಡುವಳಿಗಳನ್ನು ಒಟ್ಟುಗೂಡಿಸುವ ಕಂಪನಿಯ ಕೈಗೆ ಕರಾರು ಒಪ್ಪಿಸುತ್ತಾನೆ.