ನೆರೆಯ ಕಟ್ಟಡ

ಬೆಂಗಳೂರಿಗೆ ಬಂದ ನೆಂಟರಿಗೆ ಲಾಲ್‌ಬಾಗ್, ವಿಧಾನಸೌಧ ತೋರಿಸದೆ ಕಳಿಸಿದರೆ ಮನೆಯವರಿಗೆ ಮರ್ಯಾದೆ ಇಲ್ಲ. ಈಚೆಗೆ ಅವರು ಅಂಬೇಡ್ಕರ್ ಬೀದಿಯಲ್ಲಿ ಇಳಿದವರೇ ಕೇಳುತ್ತಾರೆ: "ಈ ಎರಡನ್ನೂ ಒಟ್ಟಿಗೇ ಕಟ್ಟಿದ್ದಾ?" ಕೇಳುವುದರಲ್ಲಿ ತಪ್ಪೇನಿಲ್ಲ. 1956ರಲ್ಲಿ ಮುಗಿದ ವಿಧಾನಸೌಧದ ಮಗ್ಗುಲಲ್ಲೇ 2005ರಲ್ಲಿ ವಿಕಾಸಸೌಧ ತೆರೆಯಿತು. ಅದೇ ಬಣ್ಣ, ಅದೇ ಕಂಬಸಾಲು, ಅದೇ ಧಾಟಿಯ ಗುಮ್ಮಟ. ನಡುವಿನ ಅರ್ಧ ಶತಮಾನ ಕಣ್ಣಿಗೇ ಬೀಳುವುದಿಲ್ಲ.

ಹಳೆಯದಕ್ಕೆ ಗೌರವ ತೋರಲೆಂದೇ ಅದರಂತೆ ಕಟ್ಟುವುದು ಎಂದು ಇಂಥ ಕಟ್ಟಡಗಳ ಪರವಾಗಿ ಹೇಳುವವರಿದ್ದಾರೆ. ಗಾಜಿನ ಪೆಟ್ಟಿಗೆ ತಂದು ನಿಲ್ಲಿಸುವುದಕ್ಕಿಂತ ವಾಸಿಯಲ್ಲವೆ ಎಂದೂ ಕೇಳುತ್ತಾರೆ. ನನಗೆ ಒಪ್ಪಿಗೆಯಾಗುವುದಿಲ್ಲ. ಧಾರೆ ಸೀರೆಯ ಪಕ್ಕದಲ್ಲಿ ಅದೇ ಬಣ್ಣ, ಅದೇ ಅಂಚಿನ ಇನ್ನೊಂದು ಸೀರೆ ತಂದಿಟ್ಟರೆ ಧಾರೆ ಸೀರೆಯ ಮರ್ಯಾದೆ ಹೆಚ್ಚುತ್ತದೆಯೆ? ನೆಹರೂ 1951ರಲ್ಲಿ ಅಡಿಗಲ್ಲು ಹಾಕಿದ ಮೇಲೆ ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು, ಖರ್ಚು ಜಾಸ್ತಿಯಾಯಿತೆಂಬ ಮಾತನ್ನೂ ಕೇಳಿಸಿಕೊಂಡು ಕಟ್ಟಿಸಿದ್ದು ವಿಧಾನಸೌಧ. ಅರಸೊತ್ತಿಗೆ ಕಳೆದು ಪ್ರಜೆಗಳ ಸರ್ಕಾರ ಬಂದ ಹೊಸತರ ಹುಮ್ಮಸ್ಸು ಆ ಕಲ್ಲಿನಲ್ಲಿದೆ. 2005ರ ಕಟ್ಟಡದಲ್ಲಿ ಇರುವುದು ಕಚೇರಿಗಳಿಗೆ ಜಾಗ ಬೇಕೆಂಬ ಅಗತ್ಯ. ಅಗತ್ಯ ತಪ್ಪಲ್ಲ. ತನ್ನದೇ ಮುಖ ಹೊತ್ತು ಬರಬಹುದಿತ್ತು.

ಹಾಗೆ ಬರುವುದು ಹೇಗೆಂದು ನೋಡಲು ದೂರ ಹೋಗಬೇಕಿಲ್ಲ, ರಸ್ತೆ ದಾಟಿದರೆ ಸಾಕು. ಎದುರಿಗಿರುವ ಅಠಾರ ಕಚೇರಿ 1868ರದು. ಸರ್ಕಾರದ ಹದಿನೆಂಟು ಇಲಾಖೆಗಳು ಇದ್ದದ್ದರಿಂದ ಆ ಹೆಸರು, ಈಗ ಹೈಕೋರ್ಟು. ಎರಡೇ ಅಂತಸ್ತು, ಕೆಂಪು ಬಣ್ಣ, ಗ್ರೀಕರ ಮಾದರಿಯ ಕಂಬಗಳು. ವಿಧಾನಸೌಧ ಮುಗಿಯುವ ಹೊತ್ತಿಗೆ ಅದಕ್ಕೆ ಎಂಬತ್ತೆಂಟು ವರ್ಷ. ಹೊಸತು ದೈತ್ಯನಂತೆ ಬಂದು ಎದುರು ನಿಂತದ್ದು ನಿಜ. ಆದರೂ ಹಳೆಯದನ್ನು ನಕಲು ಮಾಡಲಿಲ್ಲ, ಒತ್ತರಿಸಿಕೊಂಡೂ ನಿಲ್ಲಲಿಲ್ಲ. ನಡುವೆ ರಸ್ತೆ, ಹುಲ್ಲು, ಮರ. ಬೂದುಗಲ್ಲಿನ ಎದುರು ಆ ಕೆಂಪು ಇನ್ನಷ್ಟು ಕೆಂಪಾಗಿ ಕಾಣುತ್ತದೆ.

ಅಠಾರ ಕಚೇರಿಗೆ ಗಂಡಾಂತರ ಬಂದದ್ದು ಈ ದೈತ್ಯನಿಂದಲ್ಲ. 1980ರ ದಶಕದಲ್ಲಿ ಜಾಗ ಸಾಲದೆಂದು ಅದನ್ನೇ ಕೆಡವಿ ಹೊಸದು ಕಟ್ಟುವ ಯೋಚನೆ ಬಂತು. ಜನ ನ್ಯಾಯಾಲಯದ ಮೆಟ್ಟಿಲೇರಿದರು. ಕೆಡವಬೇಕೋ ಬೇಡವೋ ಎಂಬ ವಾದ ನಡೆದದ್ದು ಆ ಗೋಡೆಗಳ ಒಳಗೇ! ಅಂತೂ ಉಳಿಯಿತು.

ಹೊಸ ಕಟ್ಟಡ ನೆರೆಗೆ ಏನು ಮಾಡುತ್ತದೆಂದು ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ಪಕ್ಕದವರು ಒಂದು ಮಹಡಿ ಎತ್ತಿದರೆ ನಮ್ಮ ಹಪ್ಪಳ ಒಣಗುವುದಿಲ್ಲ, ಅಡುಗೆಮನೆಯಲ್ಲಿ ಹಗಲೇ ದೀಪ ಹಾಕಬೇಕು. ಎತ್ತರದ ತೊಂದರೆ ಹೀಗೆ ಕಾಣುತ್ತದೆ, ಆಳದ್ದು ಕಾಣುವುದಿಲ್ಲ. ಈ ಬೀದಿಯ ಅಡಿಯಲ್ಲೇ 2016ರಿಂದ ಮೆಟ್ರೊ ಓಡುತ್ತಿದೆ. ಹಳೆಯ ಕಟ್ಟಡಗಳ ತಳಪಾಯ ಬಹಳ ಆಳಕ್ಕೆ ಇಳಿದಿರುವುದಿಲ್ಲ. ಪಕ್ಕದಲ್ಲಿ ಆಳವಾಗಿ ಅಗೆದು ಒಸರುವ ನೀರನ್ನು ಪಂಪಿನಿಂದ ಹೊರಹಾಕಿದರೆ ಮಣ್ಣು ಕುಸಿದು ಗೋಡೆ ಸೀಳುತ್ತದೆ. ಆದ್ದರಿಂದ ಬಲ್ಲ ಎಂಜಿನಿಯರುಗಳು ಅಗೆಯುವ ಮೊದಲೇ ನೆರೆಯ ಗೋಡೆಯ ಬಿರುಕುಗಳ ಫೋಟೊ ತೆಗೆದಿಡುತ್ತಾರೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುತ್ತಾರೆ. ಗಾಜು ಒಡೆಯಿತೆಂದರೆ ಗೋಡೆ ಕದಲಿದೆಯೆಂದು ಅರ್ಥ. ಅಗೆತ ನಿಲ್ಲಿಸಿ ನೋಡಬೇಕು. ಪಟ್ಟಿಯ ಬೆಲೆ ಎಷ್ಟೆಂದೀರಿ, ಕೈಬಳೆಗಿಂತ ಹೆಚ್ಚಿರಲಾರದು. ನಮ್ಮ ಊರುಗಳ ಪೇಟೆಬೀದಿಯಲ್ಲಿ ತೊಟ್ಟಿಮನೆಯ ಮಣ್ಣುಗೋಡೆಗೆ ಒತ್ತಿಕೊಂಡೇ ಕಾಂಪ್ಲೆಕ್ಸಿನ ನೆಲಮಾಳಿಗೆ ಅಗೆಯುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅಂಥ ಒಂದು ಗಾಜಿನ ಚೂರು ಯಾವ ಗೋಡೆಯ ಮೇಲೂ ಕಂಡಿಲ್ಲ.